ಫ್ಯಾನಿನ ಮೇಲೆ ಸಿಟ್ಟು, ಪತ್ರದ ಮೇಲೆ ಸಹಿ

ಗಾಳಿ ವಿದ್ಯುತ್ತಿನ ಮಾತನ್ನು ಯಾದಗಿರಿ, ಶಹಾಪುರ, ಸುರಪುರದ ಯಾವುದೇ ಊರಿನ ಕಟ್ಟೆಯ ಮೇಲೆ ಎತ್ತಿ ನೋಡಿ. ಒಬ್ಬರು ತಕ್ಷಣ ಹೇಳುತ್ತಾರೆ: ‘ಫ್ಯಾನ್ ಬಂದ್ರ ಮಳಿ ಹೋಗ್ತದ್ರಿ.’ ಪಕ್ಕದವರು ಸೇರಿಸುತ್ತಾರೆ: ‘ಹೊಲಾನೂ ಹೋಗ್ತದ.’ ಮೂರನೆಯವರು ಮುಗಿಸುತ್ತಾರೆ: ‘ಕರೆಂಟು ಬೆಂಗಳೂರಿಗಿ ಹೋಗ್ತದ, ನಮಗೇನದ ಅದ್ರಾಗ?’ ಅಷ್ಟರಲ್ಲಿ ಚಹಾ ಬರುತ್ತದೆ, ವಿಷಯ ಬದಲಾಗುತ್ತದೆ. ವಿಜಯಪುರ, ಕೊಪ್ಪಳ, ಗದಗ ಜಿಲ್ಲೆಗಳ ಬಯಲಲ್ಲಿ ಸಾಲುಗಟ್ಟಿ ನಿಂತ ಬಿಳಿ ಕಂಬಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ಬಂದವರೂ ಇವೇ ಮೂರು ಮಾತು ಆಡುತ್ತಾರೆ. ಓದಿದವರು, ವೇದಿಕೆ ಹತ್ತುವವರು ಇದನ್ನೇ ಸ್ವಲ್ಪ ಇಸ್ತ್ರಿ ಮಾಡಿ ‘ಪವನ ವಿದ್ಯುತ್ ಕೃಷಿಗೆ ಮಾರಕ’ ಎನ್ನುತ್ತಾರೆ.

ನನ್ನ ತಕರಾರು ಇದರ ಮೇಲೆ. ಮೊದಲ ಮಾತು ಸುಳ್ಳು. ಎರಡನೆಯದು ಅರ್ಧ ಸುಳ್ಳು. ಮೂರನೆಯದರಲ್ಲಿ ಹುರುಳಿದೆ, ಆದರೆ ಜಗಳ ಶುರುವಾಗಬೇಕಾದ ಜಾಗದಲ್ಲೇ ನಾವು ಜಗಳ ಮುಗಿಸಿ ಎದ್ದು ಬಿಡುತ್ತೇವೆ. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ. ರೈತನ ಪರವಾಗಿ ಆಡುತ್ತೇವೆಂದು ನಾವು ಅಂದುಕೊಂಡ ಈ ಮಾತುಗಳು ಜಮೀನು ಹುಡುಕಿಕೊಂಡು ಬರುವ ಏಜೆಂಟನಿಗೆ ಪುಕ್ಕಟೆ ದುಡಿಯುತ್ತಿವೆ. ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಮಳೆ. ಇವತ್ತಿನ ದೊಡ್ಡ ಗಾಳಿಯಂತ್ರದ ರೆಕ್ಕೆ ತುದಿ ನೆತ್ತಿಗೆ ಬಂದಾಗ ನೆಲದಿಂದ ಸುಮಾರು 200 ಮೀಟರ್ ಮೇಲಿರುತ್ತದೆ. ಮಳೆ ಸುರಿಸುವ ಮೋಡದ ಬುಡ ಅದಕ್ಕಿಂತ ಎಷ್ಟೋ ಮೇಲೆ, ಅದರ ತಲೆ ಹಲವು ಕಿಲೋಮೀಟರ್ ಎತ್ತರದಲ್ಲಿ. ನಮ್ಮ ಮಳೆಯ ಹಣೆಬರಹ ಬರೆಯುವುದು ಬೇರೆ ಸಂಗತಿಗಳು. ಅರಬ್ಬಿ ಸಮುದ್ರದಿಂದ ಹೊರಟ ತೇವವನ್ನು ಪಶ್ಚಿಮ ಘಟ್ಟ ಹಿಂಡಿಕೊಳ್ಳುತ್ತದೆ. ಘಟ್ಟದ ನೆರಳಿನಲ್ಲಿ ಕೂತ ನಮಗೆ ಉಳಿದದ್ದು ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಪಶ್ಚಿಮಕ್ಕೆ ಸರಿದರೆ ಸೆಪ್ಟೆಂಬರಿನಲ್ಲಿ ಕೈ ಹಿಡಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕಳೆದ ಶತಮಾನಗಳ ಬರಗಳನ್ನು ನೆನೆಯಿರಿ. ಸತ್ತವರ ತಲೆಬುರುಡೆ ಬಿದ್ದಿದ್ದವೆಂದು ಜನ ಹೆಸರಿಟ್ಟ ಡೋಗಿ ಬರ ಬಂದದ್ದು 1790ರ ಆಚೀಚೆ. ದಕ್ಷಿಣ ಭಾರತವನ್ನೇ ಹಿಂಡಿದ ಬರ 1876ರಿಂದ 78ರವರೆಗೆ. ನಮ್ಮ ಹಿರಿಯರು ಇಂದಿಗೂ ಬಾಯಿ ಬಿಟ್ಟು ಹೇಳುವ ಬರ 1972ರದ್ದು. ಆಗ ಯಾವ ಗುಡ್ಡದ ಮೇಲೆ ಯಾವ ಫ್ಯಾನು ತಿರುಗುತ್ತಿತ್ತು?

ಆದರೂ ಈ ನಂಬಿಕೆ ಹುಟ್ಟಿದ್ದು ಹೇಗೆ? ಅದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವವರ ಜೊತೆಗೂ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ರೈತ ಕಂಡದ್ದು ನಿಜ. ಆಷಾಢದ ಗಾಳಿ ನಮಗೆ ಹೊಸದಲ್ಲ. ಮುಂಗಾರು ಬಿತ್ತನೆ ಮುಗಿದಿರುತ್ತದೆ, ಹೆಸರು, ತೊಗರಿ, ಹತ್ತಿ ಎರಡೆಲೆ ಬಿಟ್ಟಿರುತ್ತವೆ, ಮೋಡಗಳು ಹಿಂಡುಹಿಂಡಾಗಿ ನೆತ್ತಿಯ ಮೇಲಿಂದ ಪೂರ್ವಕ್ಕೆ ಓಡುತ್ತವೆ, ಒಂದು ಹನಿ ಬೀಳುವುದಿಲ್ಲ. ಗಾಳಿ ಮಾತ್ರ ಹಗಲಿರುಳು ಬೀಸುತ್ತದೆ. ಫ್ಯಾನು ವರ್ಷದಲ್ಲೇ ಅತಿ ಜೋರಾಗಿ ತಿರುಗುವುದು ಸರಿಯಾಗಿ ಆ ದಿನಗಳಲ್ಲಿ. ಬೆಳೆ ಬಾಡುತ್ತಿರುವಾಗ ತಲೆ ಎತ್ತಿದವನಿಗೆ ಕಾಣುವುದು ಎರಡೇ: ಓಡುವ ಮೋಡ, ತಿರುಗುವ ರೆಕ್ಕೆ. ಒಂದನ್ನು ಇನ್ನೊಂದು ಓಡಿಸುತ್ತಿದೆ ಅನಿಸಿದರೆ ಆಶ್ಚರ್ಯವಿಲ್ಲ. ಮಹಾರಾಷ್ಟ್ರದ ಸಾಂಗ್ಲಿ, ಸಾತಾರಾ ಕಡೆಯೂ ಫ್ಯಾನು ಬಂದ ಹೊಸದರಲ್ಲಿ ಇದೇ ಮಾತು ಹಬ್ಬಿತ್ತು. ಅದೂ ಘಟ್ಟದ ನೆರಳಿನ ನಾಡೇ. ಅಜ್ಜಂದಿರ ಕಾಲದಲ್ಲೂ ಅದೇ ಗಾಳಿ ಹೀಗೇ ಬೀಸಿ ಮೋಡವನ್ನು ಹೀಗೇ ಒಯ್ಯುತ್ತಿತ್ತು. ಫ್ಯಾನು ಆ ಗಾಳಿಯ ಸಾಕ್ಷಿ, ಕಾರಣವಲ್ಲ.

ಗಾಳಿಯಂತ್ರ ಸುತ್ತಲಿನ ಹವೆಗೆ ಏನೂ ಮಾಡುವುದಿಲ್ಲವೆಂದು ಕಂಪನಿಯವರು ಹೇಳಿದರೆ ಅದೂ ಸುಳ್ಳು. ಅಮೆರಿಕದ ಅಯೋವಾ ರಾಜ್ಯದಲ್ಲಿ ಮೆಕ್ಕೆಜೋಳ, ಸೋಯಾ ಹೊಲಗಳ ನಡುವೆ ನಿಂತ ಫ್ಯಾನುಗಳ ಕೆಳಗೆ ಜೀನ್ ಟೇಕಲ್ ಮತ್ತವರ ಜೊತೆಗಾರರು 2010ರಿಂದ ಅಳತೆ ಮಾಡಿದರು. ರೆಕ್ಕೆಗಳು ಮೇಲಿನ ಗಾಳಿಯನ್ನೂ ನೆಲದ ಹತ್ತಿರದ ಗಾಳಿಯನ್ನೂ ಕಲಸುತ್ತವೆ. ಅದರಿಂದ ಹಗಲು ತುಸು ತಂಪು, ರಾತ್ರಿ ತುಸು ಬೆಚ್ಚಗೆ. ಟೆಕ್ಸಾಸಿನ ಫ್ಯಾನುಗಳ ಮೇಲೆ ಉಪಗ್ರಹದ ಮಾಹಿತಿ ಇಟ್ಟು 2012ರಲ್ಲಿ ಬಂದ ಅಧ್ಯಯನವೂ ರಾತ್ರಿಯ ನೆಲದ ಬಿಸಿ ಏರಿದ್ದನ್ನು ತೋರಿಸಿತು. ಅದು ಒಂದು ಡಿಗ್ರಿಯೊಳಗಿನ ಮಾತು, ಅದೂ ಫ್ಯಾನುಗಳ ಸುತ್ತಮುತ್ತ ಮಾತ್ರ. ಬೆಳೆಗೆ ಇದರಿಂದ ದೊಡ್ಡ ಕೇಡಾಯಿತೆಂದು ಅಯೋವಾದವರು ಹೇಳಲಿಲ್ಲ, ದೊಡ್ಡ ಲಾಭವಾಯಿತೆಂದೂ ಹೇಳಲಿಲ್ಲ. ‘ಫ್ಯಾನಿದ್ದರೆ ಮಂಜು ಕುಳಿತು ತೊಗರಿ ಹೂವು ಉದುರುವುದು ನಿಲ್ಲುತ್ತದೆ’ ಎಂದು ನಾಳೆ ಯಾರಾದರೂ ನಿಮ್ಮ ಮುಂದೆ ಮಾರಾಟದ ಮಾತು ಆಡಿದರೆ ನಂಬಬೇಡಿ. ತೊಗರಿ ಹೂ ಕಟ್ಟುವ ಕಾರ್ತೀಕ, ಮಾರ್ಗಶಿರದಲ್ಲಿ ನಮ್ಮ ಗಾಳಿ ಸೋತಿರುತ್ತದೆ, ಫ್ಯಾನು ಅರ್ಧ ದಿನ ನಿಂತೇ ಇರುತ್ತದೆ.

ಈಗ ಏಜೆಂಟನ ವಿಷಯ. ಮಳೆ ಹೋಗುತ್ತದೆ, ಹೊಲ ಕೆಡುತ್ತದೆ ಎಂದು ಒಬ್ಬ ರೈತ ಮನಸಾರೆ ನಂಬಿದ್ದಾನೆ ಎಂದುಕೊಳ್ಳಿ. ಪಕ್ಕದ ಹೊಲದಲ್ಲಿ ಫ್ಯಾನು ಬರುವುದು ಖಾತ್ರಿಯಾಯಿತು. ಅವನು ಏನು ಮಾಡುತ್ತಾನೆ? ‘ಹೆಂಗೂ ಕೆಟ್ಟು ಹೋಗ್ತದ, ಬಂದಷ್ಟಕ್ಕ ಕೊಟ್ಟುಬಿಡೋಣ’ ಎನ್ನುತ್ತಾನೆ. ಹೆದರಿದವನು ದರ ಕೇಳುವುದಿಲ್ಲ, ಕರಾರು ಓದಿಸುವುದಿಲ್ಲ, ಖರೀದಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಾನೆ. ಫ್ಯಾನಿನ ಮೇಲಿನ ಸಿಟ್ಟೆಲ್ಲ ಕಟ್ಟೆಯ ಮೇಲೆ ಖರ್ಚಾಗಿರುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಎದ್ದು ಹೋದ ಮೇಲೆ ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳುವುದು ಸಲೀಸಾಗಿದೆ. ಇಂಥ ಹೊತ್ತಿನಲ್ಲಿ ಭಯ ಹಬ್ಬಿಸುವ ಪ್ರತಿಯೊಂದು ಮಾತೂ ಎಕರೆಯ ದರವನ್ನು ಇಳಿಸುತ್ತದೆ.

ಹೊಲ ಹೋಗುತ್ತದೆ ಎಂಬ ಭಯದ ಬೇರು ಎಲ್ಲಿದೆ ಎಂದು ನನಗೆ ಗೊತ್ತು, ಅದನ್ನು ಗೌರವಿಸುತ್ತೇನೆ ಕೂಡ. ಯಾದಗಿರಿ ತಾಲ್ಲೂಕಿನ ಕಡೇಚೂರು, ಬಾಡಿಯಾಳದಲ್ಲಿ ಕೈಗಾರಿಕಾ ಪ್ರದೇಶಕ್ಕೆಂದು 3 ಸಾವಿರಕ್ಕೂ ಹೆಚ್ಚು ಎಕರೆ ಹೋಯಿತು. ಬಂದ ಔಷಧ, ರಾಸಾಯನಿಕ ಘಟಕಗಳ ಗಬ್ಬು ವಾಸನೆಯ ಬಗ್ಗೆ ಆ ಊರುಗಳು ಇಂದೂ ಕೂಗುತ್ತಿವೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪ ಸಿಕ್ಕಾಗ ಜನ ನಿದ್ದೆಗೆಟ್ಟರು. ಕೃಷ್ಣೆಗೆ ಅಣೆಕಟ್ಟು ಕಟ್ಟಿದಾಗ ಊರು ಬಿಟ್ಟವರ ಮಕ್ಕಳು ಇನ್ನೂ ಇದ್ದಾರೆ. ‘ಅಭಿವೃದ್ಧಿ’ ಎಂದರೆ ಪಹಣಿಯಿಂದ ಹೆಸರು ಅಳಿಸುವ ರಬ್ಬರು ಎಂದು ಈ ಜಿಲ್ಲೆ ಅನುಭವದಿಂದ ಕಲಿತಿದೆ. ಆದರೆ ಎಲ್ಲ ಕೈಗಾರಿಕೆಯೂ ಒಂದೇ ಅಳತೆಯಲ್ಲಿ ನೆಲ ನುಂಗುವುದಿಲ್ಲ. ಅಳತೆ ನೋಡದೆ ಬೈದರೆ ಬೈಗುಳ ಗುರಿ ತಪ್ಪುತ್ತದೆ.

ಅಳತೆ ನೋಡೋಣ. ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ 2009ರಲ್ಲಿ 172 ಗಾಳಿ ಯೋಜನೆಗಳ ನೆಲ ಬಳಕೆಯನ್ನು ಲೆಕ್ಕ ಹಾಕಿತು. ಕಂಬದ ಬುಡ, ದಾರಿ, ಉಪಕೇಂದ್ರ ಎಲ್ಲ ಸೇರಿ ಒಂದು ಮೆಗಾವಾಟಿಗೆ ಕಾಯಂ ಆಗಿ ಹೋಗುವ ನೆಲ ಸರಾಸರಿ 0.3 ಹೆಕ್ಟೇರ್. ಕಟ್ಟುವ ಕಾಲಕ್ಕೆ ತಾತ್ಕಾಲಿಕವಾಗಿ ಇನ್ನೂ 0.7 ಹೆಕ್ಟೇರ್ ಕೆಡುತ್ತದೆ. ಅಂದರೆ 3 ಮೆಗಾವಾಟಿನ ಒಂದು ಫ್ಯಾನಿಗೆ ಕಾಯಂ ಎರಡೂಕಾಲು ಎಕರೆಯ ಆಸುಪಾಸು. ಒಂದು ಫ್ಯಾನು ಇನ್ನೊಂದರ ಗಾಳಿ ಕದಿಯದಂತೆ ದೂರದೂರ ನಿಲ್ಲಿಸಬೇಕಾದ್ದರಿಂದ ಯೋಜನೆಯ ಒಟ್ಟು ಹರವು ಮೆಗಾವಾಟಿಗೆ ಸುಮಾರು 34 ಹೆಕ್ಟೇರ್. ನಮ್ಮ ಒಂದು ಫ್ಯಾನಿನ ಪಾಲಿಗೆ 250 ಎಕರೆ. ಆ 250 ಎಕರೆಯಲ್ಲಿ ಎರಡೂಕಾಲು ಬಿಟ್ಟು ಉಳಿದದ್ದರಲ್ಲಿ ಹತ್ತಿ, ತೊಗರಿ, ಜೋಳ ಎಂದಿನಂತೆ ಬೆಳೆಯುತ್ತವೆ. ನಮ್ಮಲ್ಲಿ ಕ್ರೇನು ನಿಲ್ಲಲು, ರೆಕ್ಕೆ ತರುವ ಉದ್ದನೆಯ ಗಾಡಿ ತಿರುಗಲು ಇನ್ನೂ ಒಂದೆರಡು ಎಕರೆ ಹೆಚ್ಚೇ ಹೋಗಲಿ, ಮಾತು ಬದಲಾಗುವುದಿಲ್ಲ.

ಪಾವಗಡ ಸೌರ ಪಾರ್ಕನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2,050 ಮೆಗಾವಾಟಿಗೆ 13 ಸಾವಿರ ಎಕರೆ, ಐದು ಊರು. ಅಲ್ಲಿ ಸರ್ಕಾರ ಒಂದು ಒಳ್ಳೆಯ ಕೆಲಸ ಮಾಡಿತು: ಜಮೀನು ಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಜಮೀನಿದ್ದವನ ಹೆಸರು ಪಹಣಿಯಲ್ಲಿ ಉಳಿಯಿತು. ಜಮೀನಿಲ್ಲದವನಿಗೆ? ತಂತಿಬೇಲಿಯ ಒಳಗೆ ಕಳೆ ಕೀಳುವ ಕೆಲಸವಿಲ್ಲ, ಶೇಂಗಾ ಬಿಡಿಸುವ ಕೆಲಸವಿಲ್ಲ, ಕುರಿ ಮೇಯಿಸಲು ಬಯಲಿಲ್ಲ. ಸೌರ ಫಲಕದ ಕೆಳಗೆ ಕೂಲಿ ಬೆಳೆಯುವುದಿಲ್ಲ. ಫ್ಯಾನಿನ ಕೆಳಗೆ ಬೆಳೆಯುತ್ತದೆ. ಶಹಾಪುರ, ಸುರಪುರದಲ್ಲಿ ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳಿಗೆ, ಬ್ಯಾಸಗಿಯಲ್ಲಿ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಮನೆಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ಗಾಳಿ ವಿದ್ಯುತ್ತು ಕೃಷಿಗೆ ಮಾಡುವ ದೊಡ್ಡ ಉಪಕಾರ ಇದೇ: ಹೊಲವನ್ನು ಹೊಲವಾಗಿಯೇ ಇರಗೊಡುತ್ತದೆ. ಫ್ಯಾನನ್ನು ಬೈಯುವವರು ಇದನ್ನು ಹೇಳುವುದಿಲ್ಲ, ಮಾರುವವರಿಗೂ ಇದು ನೆನಪಾಗುವುದಿಲ್ಲ.

ಮಾರುವವರು ಹೇಳುವುದು ಬೇರೆ. ಗಾಳಿ ವಿದ್ಯುತ್ತಿನಿಂದ ರೈತನ ಕರೆಂಟ್ ಬಿಲ್ ಉಳಿಯುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಇದು ಪರದೇಶದ ಕರಪತ್ರದಿಂದ ಎತ್ತಿಕೊಂಡ ಮಾತು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಬಿಲ್ಲೇ ಇಲ್ಲ! ಇಲ್ಲದ ಬಿಲ್ಲನ್ನು ಉಳಿಸುವುದು ಹೇಗೆ? ನಮ್ಮ ರೈತನಿಗೆ ಕೊರತೆ ಇರುವುದು ತಾಸಿನದ್ದು. ಮೂರು ಫೇಸ್ ಎಷ್ಟು ತಾಸು, ಯಾವ ಹೊತ್ತಿಗೆ, ಎಷ್ಟು ವೋಲ್ಟೇಜಿನಲ್ಲಿ? ಹೊಲಕ್ಕೊಂದು ಪುಟ್ಟ ಗಾಳಿಯಂತ್ರ ಎಂಬ ಕನಸೂ ಹಳೆಯದೇ. 1960ರ ದಶಕದಲ್ಲೇ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ನೀರೆತ್ತುವ ಗಾಳಿಯಂತ್ರ ಮಾಡಿತ್ತು. ಡೀಸೆಲ್ ಪಂಪು, ಆಮೇಲೆ ಕರೆಂಟು ಬಂದ ಮೇಲೆ ಅದನ್ನು ಕೇಳುವವರಿರಲಿಲ್ಲ. ಗಾಳಿ ಸಿಗುವುದು ಎತ್ತರದಲ್ಲಿ. ಎತ್ತರ ಒಬ್ಬ ರೈತನ ಜೇಬಿಗೆ ನಿಲುಕುವುದಿಲ್ಲ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜನ್ನೇ ನೋಡಿ: 120 ಮೀಟರ್ ಎತ್ತರದಲ್ಲಿ ಕರ್ನಾಟಕದ ಸಾಮರ್ಥ್ಯ ಸುಮಾರು 124 ಗಿಗಾವಾಟ್, 150 ಮೀಟರಿನಲ್ಲಿ 169. ನಾವು ಇಲ್ಲಿಯವರೆಗೆ ನಿಲ್ಲಿಸಿದ್ದು 7 ಗಿಗಾವಾಟ್ ದಾಟಿದೆ, ಅಷ್ಟೇ. 2024-25ರಲ್ಲಿ ದೇಶದಲ್ಲೇ ಹೆಚ್ಚು ಗಾಳಿ ಸಾಮರ್ಥ್ಯ ಸೇರಿಸಿದ ರಾಜ್ಯ ನಮ್ಮದು. ಬರುವವರು ಬಂದೇ ಬರುತ್ತಾರೆ ಎಂದು ತಿಳಿಯಲು ಇಷ್ಟು ಸಾಕು.

ಇನ್ನು ‘ಕರೆಂಟು ಬೆಂಗಳೂರಿಗೆ’. ಇದರಲ್ಲಿ ಹುರುಳಿದೆ ಎಂದೆ. ಪಕ್ಕದ ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಇಂದು ಅದರ ಸಾಮರ್ಥ್ಯ 1,720 ಮೆಗಾವಾಟ್. ಯರಮರಸಿನಲ್ಲಿ ಇನ್ನೂ 1,600. ಬೂದಿ ಈ ಭಾಗಕ್ಕೆ, ಬೆಳಕು ಊರೂರಿಗೆ. ಶಕ್ತಿನಗರದ ಹೊಗೆಯ ಬಗ್ಗೆ ನಾಲ್ಕು ದಶಕ ಬಾಯಿ ಬಿಡದವರು ಗಾಳಿ ಕಂಬದ ಹೆಸರು ಬಂದಾಗ ಮಾತ್ರ ಪರಿಸರವಾದಿಗಳಾಗುವುದು ನನಗೆ ಸೋಜಿಗ. ಇರಲಿ. ಫ್ಯಾನಿನ ಕರೆಂಟು ಎಲ್ಲಿಗೆ ಹೋಗುತ್ತದೆ ಎಂಬುದು ಅದನ್ನು ಎಲ್ಲಿ ಜೋಡಿಸುತ್ತೇವೆ ಎಂಬುದರ ಮೇಲೆ ನಿಂತಿದೆ. 220 ಅಥವಾ 400 ಕೆವಿ ಲೈನಿಗೆ ನೇರ ಕೊಟ್ಟರೆ ಅದು ರಾಜ್ಯ ದಾಟಿ ಹೋಗಬಹುದು. ಅದನ್ನೇ ಹಳ್ಳಿಗಳಿಗೆ ಕರೆಂಟು ಹಂಚುವ ಸಣ್ಣ ಉಪಕೇಂದ್ರಕ್ಕೆ 33 ಕೆವಿ ಲೈನಿನಲ್ಲಿ ಕೊಟ್ಟರೆ, ವಿದ್ಯುತ್ತು ಮೊದಲು ಹತ್ತಿರದ ಹೊರೆಗೆ ಹರಿಯುತ್ತದೆ. ಮಿಕ್ಕಿದ್ದು ಮೇಲಕ್ಕೆ ಹೋಗುತ್ತದೆ. ಇದು ಯಾರ ದಯೆಯೂ ಅಲ್ಲ, ತಂತಿಯ ಗುಣ.

ನಾರಾಯಣಪುರ ಎಡದಂಡೆ ಕಾಲುವೆಯ ಕಥೆ ಗೊತ್ತಿರುವ ಸುರಪುರ, ಶಹಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆಯ ಬಾಯಿಯಲ್ಲಿ ಭತ್ತ ಎರಡು ಬೆಳೆ, ಕೊನೆಗೆ ಹೋದರೆ ನೀರಿಗಾಗಿ ಧರಣಿ. 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಆಧುನೀಕರಣ ಯೋಜನೆಯ ಉದ್ದೇಶವೇ 10 ಸಾವಿರ ಕ್ಯೂಸೆಕ್ ಹರಿಸಿ ಕೊನೆಭಾಗ ತಲುಪುವುದಾಗಿತ್ತು. ಅದೇ ವರ್ಷ ಮಳೆ ಕೈಕೊಟ್ಟಿತು. ಜೆಸ್ಕಾಂನ 11 ಕೆವಿ ಫೀಡರಿಗೂ ಇಂಥದೇ ಕೊನೆಭಾಗವಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ವೋಲ್ಟೇಜು ಸೊರಗಿ, ಮೋಟಾರು ಗುಂಯ್‌ಗುಟ್ಟಿ, ವೈಂಡಿಂಗ್ ಸುಟ್ಟು, ರೈತ ಹತ್ತಾರು ಸಾವಿರ ಹಿಡಿದುಕೊಂಡು ಶಹಾಪುರದ ರಿಪೇರಿ ಅಂಗಡಿಗೆ ಓಡುತ್ತಾನೆ. ಕರೆಂಟು ಪುಕ್ಕಟೆ, ಮೋಟಾರು ಪುಕ್ಕಟೆಯಲ್ಲ. ಕೊನೆಭಾಗದ ಉಪಕೇಂದ್ರಕ್ಕೆ ಹತ್ತಿರದಲ್ಲೇ ವಿದ್ಯುತ್ತು ಹುಟ್ಟಿದರೆ ಈ ಸೊರಗು ಕಡಿಮೆಯಾಗುತ್ತದೆ, ದಾರಿಯಲ್ಲಿ ಸೋರುವುದೂ ಕಡಿಮೆಯಾಗುತ್ತದೆ. ಒಂದು ಲೆಕ್ಕ: 3 ಮೆಗಾವಾಟಿನ ಫ್ಯಾನು ವರ್ಷದ ಸರಾಸರಿಯಲ್ಲಿ ಶೇ 30ರಷ್ಟು ಸಾಮರ್ಥ್ಯಕ್ಕೆ ದುಡಿಯಿತೆಂದು ಹಿಡಿಯಿರಿ, 78 ಲಕ್ಷ ಯೂನಿಟ್. 5 ಎಚ್‌ಪಿ ಮೋಟಾರು ದಿನಕ್ಕೆ 7 ತಾಸಿನಂತೆ 200 ದಿನ ಓಡಿದರೆ 5,200 ಯೂನಿಟ್. ಒಂದು ಕಂಬ, 1,500 ಮೋಟಾರು.

ಈ ಲೆಕ್ಕದಲ್ಲೊಂದು ತೂತಿದೆ, ಅದನ್ನು ಮುಚ್ಚಿಡುವುದು ವಂಚನೆಯಾಗುತ್ತದೆ. ನಮ್ಮ ಗಾಳಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ದುಡಿಯುವ ಆಳು. ಅಕ್ಟೋಬರಿನಲ್ಲಿ ಕುಗ್ಗುತ್ತದೆ, ಚಳಿಗಾಲದಲ್ಲಿ ಮಲಗುತ್ತದೆ. ಮೋಟಾರಿನ ಬೇಡಿಕೆಯೋ ಹಿಂಗಾರಿಯಲ್ಲಿ ಎದ್ದು ಬೇಸಿಗೆಗೆ ನೆತ್ತಿಗೇರುತ್ತದೆ. 2023ರ ಅಕ್ಟೋಬರನ್ನು ಯಾರೂ ಮರೆತಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿದ ಆ ವರ್ಷ, ಜಲಾಶಯ ಬರಿದಾಗಿ, ಗಾಳಿ ನಿಂತು, ಪಂಪ್‌ಸೆಟ್ಟಿಗೆ 5 ತಾಸಿನ ಕರೆಂಟು ಬಂತು. ರೈತರು ಬೀದಿಗಿಳಿದ ಮೇಲೆ ಭತ್ತ, ಕಬ್ಬಿನ ಜಿಲ್ಲೆಗಳಿಗೆ 7 ತಾಸು ಎಂದರು. ‘ಗಾಳಿ ಕೈಕೊಟ್ಟಿತಲ್ಲ?’ ಎಂದು ಕೇಳುವವರಿದ್ದಾರೆ. ಕೊಟ್ಟಿತು, ಹೌದು. ಆದರೆ ಆಷಾಢ, ಶ್ರಾವಣದಲ್ಲಿ ಫ್ಯಾನು ದುಡಿದ ಪ್ರತಿ ಯೂನಿಟ್ಟೂ ಶರಾವತಿಯಲ್ಲಿ ಹರಿಯದೆ ಉಳಿದ ನೀರು, ಶಕ್ತಿನಗರದಲ್ಲಿ ಸುಡದೆ ಉಳಿದ ಕಲ್ಲಿದ್ದಲು. ಹಿಂಗಾರಿಯಲ್ಲಿ ಕೈ ಹಿಡಿಯುವುದು ಆ ಉಳಿತಾಯ. ಅಲ್ಲದೆ ಮುಂಗಾರಿನಲ್ಲೇ ಮಳೆ ಹಿಂದೇಟು ಹಾಕಿದ ಹದಿನೈದು, ಇಪ್ಪತ್ತು ದಿನಗಳ ಒಣ ಗಾಳಿಯಲ್ಲಿ ಮೆಣಸಿನಕಾಯಿ, ಹತ್ತಿಗೆ ಒಂದು ನೀರು ಬೇಕಾಗುತ್ತದಲ್ಲ, ಭೀಮೆಯ ದಂಡೆಯಲ್ಲಿ ಮೋಟಾರು ಇಳಿಸಿದವರಿಗೆ ಅದು ಚೆನ್ನಾಗಿ ಗೊತ್ತು. ಆ ಹೊತ್ತಿಗೆ ಮೋಡ ಕವಿದು ಸೋಲಾರ್ ಅರ್ಧಕ್ಕಿಳಿದಿರುತ್ತದೆ, ಗಾಳಿ ತುಂಬಿರುತ್ತದೆ. ಹಗಲಿಗೆ ಸೂರ್ಯ, ಮುಂಗಾರಿಗೆ ಗಾಳಿ. ಎರಡನ್ನೂ ಒಂದಕ್ಕೊಂದು ಎದುರು ನಿಲ್ಲಿಸಿ ವಾದ ಮಾಡುವವರು ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು, ಹಾವಿಗೆ ಹೆದರುತ್ತ ಹೊಲಕ್ಕೆ ನೀರು ಕಟ್ಟಲು ಹೋದವರಲ್ಲ.

ನಿಜವಾದ ಕೇಡುಗಳೂ ಇವೆ. ಮಳೆಯ ಸುಳ್ಳಿನ ಗದ್ದಲದಲ್ಲಿ ಅವು ಯಾರ ಕಿವಿಗೂ ಬೀಳುತ್ತಿಲ್ಲ. ಎರೆ ಭೂಮಿಯಲ್ಲಿ ನೂರಾರು ಟನ್ನಿನ ಕ್ರೇನು ಹಾದುಹೋದರೆ ಮಣ್ಣು ಕಲ್ಲಿನಂತೆ ಗಟ್ಟಿಯಾಗುತ್ತದೆ, ಹಲವು ಮಳೆಗಾಲ ಬೇರು ಇಳಿಯುವುದಿಲ್ಲ. ಮರಂ ಸುರಿದು ಎತ್ತರಿಸಿದ ದಾರಿ ಹೊಲದ ನೀರಿನ ಹಾದಿಗೆ ಅಡ್ಡ ಬಿದ್ದರೆ ಮೇಲಿನ ಹೊಲದಲ್ಲಿ ನೀರು ನಿಂತು ತೊಗರಿ ಕೊಳೆಯುತ್ತದೆ, ಕೆಳಗಿನ ಹೊಲ ಒಣಗುತ್ತದೆ. ಸುಗ್ಗಿ ಮುಗಿದ ಮೇಲೆ, ಮೊದಲ ಮಳೆಗೆ ಮುಂಚೆ ಕೆಲಸ ಮಾಡಬೇಕು, ಮೇಲ್ಮಣ್ಣು ಬೇರೆ ಗುಡ್ಡೆ ಹಾಕಿ ವಾಪಸ್ ಹರಡಬೇಕು, ದಾರಿಗೆ ಸಾಕಷ್ಟು ಪೈಪು ಹಾಕಬೇಕು ಎಂದು ಎಷ್ಟು ಕರಾರುಗಳಲ್ಲಿ ಬರೆಸಿದ್ದೇವೆ? ಕೇಂದ್ರದ 2016ರ ಮಾರ್ಗಸೂಚಿ ವಾಸದ ಮನೆಗಳಿಂದ 500 ಮೀಟರ್ ದೂರ ಎನ್ನುತ್ತದೆ, ಅಳೆದವರು ಯಾರು? ಬೋನಾಳ ಕೆರೆಗೆ ಪ್ರತಿ ಚಳಿಗಾಲ ದೂರದಿಂದ ಹಕ್ಕಿ ಬರುತ್ತವೆ, ಅವುಗಳ ದಾರಿಯಲ್ಲಿ ರೆಕ್ಕೆ ತಿರುಗಕೂಡದು. ಬುದ್ಧ ಮಲಗಿದಂತಿರುವ ಶಹಾಪುರದ ಗುಡ್ಡದ ಮೈ ಕೊರೆದು ರಸ್ತೆ ಮಾಡಕೂಡದು. ಗದಗಿನ ಕಪ್ಪತಗುಡ್ಡ ಗಾಳಿಕಂಬದ ದಾರಿಗಳಿಂದ ಎಷ್ಟು ಸವೆಯಿತೆಂದು ನೋಡಿದವರು ಬಯಲ ಹೊಲವೇ ವಾಸಿ ಎನ್ನುತ್ತಾರೆ. 25 ವರ್ಷದ ನಂತರ ಕಂಬ ಮುದಿಯಾದಾಗ ಅದನ್ನೂ ಬುಡದ ಕಾಂಕ್ರೀಟನ್ನೂ ತೆಗೆಯುವ ಖರ್ಚು ಯಾರದ್ದು ಎಂಬುದನ್ನು ಮೊದಲ ದಿನವೇ ಕಾಗದಕ್ಕಿಳಿಸಬೇಕು, ಇಲ್ಲವಾದರೆ ಅದು ಮಗನ ಹೊಲದಲ್ಲಿ ಉಳಿಯುತ್ತದೆ.

ಈಗ ದುಡ್ಡು, ಇದೇ ಎಲ್ಲಕ್ಕೂ ಮೂಲ. ಮೇಲಿನ 78 ಲಕ್ಷ ಯೂನಿಟ್ಟಿಗೆ ಮೂರೇ ರೂಪಾಯಿ ಹಿಡಿದರೂ ವರ್ಷಕ್ಕೆ 2 ಕೋಟಿ 34 ಲಕ್ಷ. ಅದರಲ್ಲಿ ನೂರಕ್ಕೆ ಒಂದು ಪಾಲು 2 ಲಕ್ಷ 34 ಸಾವಿರ. ಎರಡೂಕಾಲು ಎಕರೆಯಲ್ಲಿ ಎಕರೆಗೆ 4 ಕ್ವಿಂಟಲ್ ತೊಗರಿ ಬಂದು, 2025-26ರ ಬೆಂಬಲ ಬೆಲೆ 8 ಸಾವಿರ ಸಿಕ್ಕಿತೆಂದರೆ ಖರ್ಚು ಕಳೆಯುವ ಮುಂಚೆ 72 ಸಾವಿರ. ನೂರಕ್ಕೆ ಒಂದು ಎಂದು ಕೇಳುವುದು ದುರಾಸೆಯಲ್ಲ. ಮಾರಿದವನಿಗೆ ಒಮ್ಮೆ ಹಣ ಬರುತ್ತದೆ. ಮಗಳ ಮದುವೆ, ಒಂದು ಬೈಕು, ಸೊಸೈಟಿಯ ಸಾಲ, ಮೂರನೇ ವರ್ಷಕ್ಕೆ ಮುಗಿಯುತ್ತದೆ. ಪಾಲು ಕೇಳಿದವನಿಗೆ ಗಾಳಿ ಬೀಸಿದಷ್ಟು ವರ್ಷ ಬರುತ್ತದೆ, ಮಳೆ ಬಾರದ ವರ್ಷವೂ ಬರುತ್ತದೆ. ಒಣಬೇಸಾಯದ ಮನೆಗೆ ಬರಗಾಲದಲ್ಲಿ ನಿಲ್ಲದ ಆದಾಯ ಎಂದರೆ ಏನೆಂದು ಯಾದಗಿರಿಗೆ ಯಾರೂ ಕಲಿಸಬೇಕಿಲ್ಲ.

ಇನ್ನೊಂದು ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಫ್ಯಾನಿನ ಪಾಲಿಗೆ 250 ಎಕರೆಯ ಗಾಳಿ ಎಂದೆ. ಹಣ ಮಾತ್ರ ಕಂಬ ನಿಂತ ಎರಡೂಕಾಲು ಎಕರೆಯವನಿಗೆ. ಸುತ್ತಲಿನವರ ಹೊಲದಲ್ಲಿ ಇನ್ನೊಂದು ಕಂಬ ನಿಲ್ಲುವಂತಿಲ್ಲ, ಗಾಳಿ ಹಂಚಿ ಹೋಗುತ್ತದೆ. ಶಬ್ದ ಅವರಿಗೂ ಉಂಟು, ನೆರಳು ಅವರ ಬೆಳೆಯ ಮೇಲೂ ಓಡುತ್ತದೆ, ಲೈನು ಅವರ ಬದುವಿನ ಮೇಲೂ ಹೋಗುತ್ತದೆ. ಅವರಿಗೆ ಸಿಗುವುದು ಹೊಟ್ಟೆಕಿಚ್ಚು ಮಾತ್ರ. ಊರು ಒಡೆಯುವುದು ಇಲ್ಲಿಂದಲೇ. ‘ಮಳೆ ಹೋಯಿತು’ ಎಂಬ ಮಾತಿನ ಅರ್ಧ ಕಾವು ಈ ಹೊಟ್ಟೆಕಿಚ್ಚಿನದು ಎಂದು ನನ್ನ ಗುಮಾನಿ. ಡೆನ್ಮಾರ್ಕ್ ಇದನ್ನು ಬೇಗ ಅರಿತಿತು. 2009ರ ಕಾನೂನಿನಲ್ಲಿ ಹೊಸ ಗಾಳಿ ಯೋಜನೆಯ ಶೇ 20 ಷೇರುಗಳನ್ನು ಮೊದಲು ನಾಲ್ಕೂವರೆ ಕಿಲೋಮೀಟರ್ ಸುತ್ತಲಿನ ನಿವಾಸಿಗಳಿಗೆ ಕೊಡಲು ಮುಂದಿಡಬೇಕೆಂದಿತು.

ಡೆನ್ಮಾರ್ಕ್ ದೂರವಾಯಿತೇ? ತಮಿಳುನಾಡಿನ ಮೆಟ್ಟುಪಾಳ್ಯಂ ಬಳಿಯ ಓಡಂತುರೈ ಗ್ರಾಮ ಪಂಚಾಯ್ತಿ 2006ರಲ್ಲಿ ತಾನೇ 1 ಕೋಟಿ 55 ಲಕ್ಷಕ್ಕೆ 350 ಕಿಲೋವಾಟಿನ ಒಂದು ಫ್ಯಾನು ಕೊಂಡಿತು. ಸ್ವಂತ ಉಳಿತಾಯ 40 ಲಕ್ಷ, ಉಳಿದದ್ದು ಬ್ಯಾಂಕ್ ಸಾಲ. ಊರಿನ ಬಳಕೆ ಕಳೆದು ಮಿಕ್ಕ ಕರೆಂಟನ್ನು ವಿದ್ಯುತ್ ಮಂಡಳಿಗೆ ಮಾರಿತು. ಅದೂ ದೂರವೆನಿಸಿದರೆ ಬೆಳಗಾವಿ ಜಿಲ್ಲೆಯ ಹುಕ್ಕೇರಿಗೆ ಬನ್ನಿ. ಅಲ್ಲಿ 1969ರಿಂದ ಇಡೀ ತಾಲ್ಲೂಕಿಗೆ ಕರೆಂಟು ಹಂಚುತ್ತಿರುವುದು ಗ್ರಾಮೀಣ ವಿದ್ಯುತ್ ಸಹಕಾರ ಸಂಘ, ರೈತರು ಸದಸ್ಯರಾಗಿರುವ ಸಂಘ. ರಾಜಕೀಯ ಅಲ್ಲಿಯೂ ಇದೆ, ಎಲ್ಲಿಲ್ಲ? ಕರೆಂಟಿನ ವ್ಯವಹಾರ ರೈತರ ಕೈಗೆ ನಿಲುಕದ್ದು ಎಂಬ ಮಾತನ್ನು ಹುಕ್ಕೇರಿ ಐದು ದಶಕದ ಹಿಂದೆಯೇ ಸುಳ್ಳು ಮಾಡಿದೆ. ಸಂವಿಧಾನದ 371ಜೆ ವಿಧಿ ಕೊಟ್ಟ ವಿಶೇಷ ಸ್ಥಾನಮಾನ, ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನ ಇವೆಲ್ಲ ಇರುವ ಜಿಲ್ಲೆಯಲ್ಲಿ ಒಂದು ತಾಲ್ಲೂಕಿನ ಪಂಚಾಯ್ತಿಗಳು ಸೇರಿ ಒಂದು ಫ್ಯಾನಿನಲ್ಲಿ ಪಾಲು ಹಿಡಿಯುವುದು ಆಗದ ಕೆಲಸವೇನಲ್ಲ. ಸಮುದಾಯ ಭವನಕ್ಕೆ ಸುರಿದ ದುಡ್ಡಿನಲ್ಲಿ ಸ್ವಲ್ಪ ಸಾಕು.

ಇಷ್ಟೆಲ್ಲ ಆಗುವ ತನಕ ಕಂಪನಿ ಕಾಯುವುದಿಲ್ಲ ನಿಜ. ‘ಗಾಳಿ ಬಂದಾಗ ತೂರಿಕೊಳ್ಳಿ’ ಎಂದು ಏಜೆಂಟನೂ ನಗುತ್ತ ಹೇಳುತ್ತಾನೆ. ತೂರುವಾಗ ಕಾಳು ಬೀಳಬೇಕಾದ್ದು ಯಾರ ಕಾಲ ಬಳಿ ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ. ಆದ್ದರಿಂದ ಶಹಾಪುರ, ಸುರಪುರ, ಯಾದಗಿರಿಯ ನನ್ನ ರೈತ ಬಂಧುಗಳಲ್ಲಿ ಇಷ್ಟು ಕೇಳಿಕೊಳ್ಳುತ್ತೇನೆ. ಖರೀದಿ ಪತ್ರಕ್ಕೆ ಸಹಿ ಮಾಡಬೇಡಿ, ಗುತ್ತಿಗೆಗೆ ಮಾತ್ರ ಮಾಡಿ. ಅದರಲ್ಲಿ ಎಕರೆ ಬಾಡಿಗೆಯ ಜೊತೆಗೆ ಕರೆಂಟಿನ ಆದಾಯದಲ್ಲಿ ನೂರಕ್ಕಿಷ್ಟು ಎಂದು ಬರೆಸಿ, ಸುತ್ತಲಿನ ಹೊಲದವರ ಪಾಲನ್ನೂ ಸೇರಿಸಿ. ನಿಮ್ಮದು ಮಂಜೂರಾದ ಜಮೀನಾಗಿದ್ದು ನೀವು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ನಿಮ್ಮ ಬೆನ್ನಿಗಿದೆ: ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಾಟವಷ್ಟೇ ಅಲ್ಲ, ಗುತ್ತಿಗೆಯೂ ಊರ್ಜಿತವಲ್ಲ. ಸುರಪುರದಲ್ಲಿ ಇಂಥ ಮನೆಗಳು ಬಹಳ, ಏಜೆಂಟರಿಗೆ ಇದು ಗೊತ್ತು, ನಿಮಗೂ ಗೊತ್ತಿರಲಿ. ಮುಂದಿನ ಗ್ರಾಮಸಭೆಯಲ್ಲಿ ಫ್ಯಾನು ಬೇಕೋ ಬೇಡವೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಡಿ. ಯಾವ ಉಪಕೇಂದ್ರಕ್ಕೆ ಲೈನು, ಊರಿಗೆಷ್ಟು ಪಾಲು, ಕಂಬ ಕೀಳುವ ಖರ್ಚಿಗೆ ಠೇವಣಿ ಎಷ್ಟು, ಈ ಮೂರನ್ನು ಕೇಳಿ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪಿಡಿಒ ಸಹಿ ಹಾಕಿಸಿಕೊಂಡೇ ಎದ್ದು ಬನ್ನಿ.